ಗುಂಪಿಗೆ ಸೇರದಿದ್ದರೆ ಕಷ್ಟಕ್ಕೆ ಯಾರು ಬರುತ್ತಾರೆ?

ಪ್ರಶ್ನೆ: ಸರ್, ನಾನು ಬೆಂಗಳೂರಿನ ವಿಜಯನಗರದಲ್ಲಿ ಪಿಜಿಯಲ್ಲಿದ್ದುಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅಲಿಪ್ತ ನೀತಿ ಅಂದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅಂತ ನನಗೆ ಅನ್ನಿಸುತ್ತದೆ. ಅಮೆರಿಕ, ಸೋವಿಯತ್ ಎರಡರಲ್ಲಿ ಯಾವ ಗುಂಪಿಗೂ ಸೇರದೆ ಇದ್ದದ್ದಕ್ಕೇ 1962ರಲ್ಲಿ ಚೀನಾ ದಾಳಿ ಮಾಡಿದಾಗ ನಮ್ಮ ಸಹಾಯಕ್ಕೆ ಯಾರೂ ಬರಲಿಲ್ಲ ಅಲ್ವಾ? ಈಗ ನೋಡಿದರೆ ರಷ್ಯಾದ ತೈಲ ತಗೊಂಡಿದ್ದಕ್ಕೆ ಅಮೆರಿಕ ಸುಂಕ ಹಾಕಿತು. ಸುಮ್ನೆ ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟರೆ ಒಳ್ಳೇದಲ್ವಾ?

ಉತ್ತರ: 1962ರಿಂದಲೇ ಶುರು ಮಾಡೋಣ. ನಿಮ್ಮ ಪ್ರಶ್ನೆಯಲ್ಲಿ ಗಟ್ಟಿಯಾದ ಭಾಗ ಅದೇ.

ಯಾರೂ ಬರಲಿಲ್ಲ ಅನ್ನೋದು ಸರಿಯಲ್ಲ. ಚೀನಾ ದೊಡ್ಡ ದಾಳಿ ಶುರು ಮಾಡಿದ್ದು ಅಕ್ಟೋಬರ್ 20ಕ್ಕೆ. ನವೆಂಬರ್ ಮೊದಲ ವಾರದಲ್ಲೇ ಅಮೆರಿಕ, ಬ್ರಿಟನ್ ಕಡೆಯಿಂದ ವಿಮಾನದಲ್ಲಿ ಶಸ್ತ್ರಾಸ್ತ್ರ ಬಂದಿಳಿಯುತ್ತಿತ್ತು. ನವೆಂಬರ್ 19ರಂದು, ಈಶಾನ್ಯದಲ್ಲಿ ನಮ್ಮ ಸೇನೆ ಕುಸಿಯುತ್ತಿದ್ದಾಗ, ನೆಹರು ಅಮೆರಿಕದ ಅಧ್ಯಕ್ಷ ಕೆನಡಿಗೆ ಒಂದೇ ದಿನ ಎರಡು ಪತ್ರ ಬರೆದರು. ಯುದ್ಧವಿಮಾನಗಳ 12 ಸ್ಕ್ವಾಡ್ರನ್ ಕಳಿಸಿ ಅಂತ ಕೇಳಿದರು. ಅದಕ್ಕೆ ಉತ್ತರ ಬಂದು ಏನಾದರೂ ಆಗುವ ಮೊದಲೇ, 21ರಂದು, ಚೀನಾ ತಾನೇ ಕದನವಿರಾಮ ಘೋಷಿಸಿತು.

ಕೈಕೊಟ್ಟವರು ಬೇರೆ. ಮೊದಲನೆಯದು ಮಾಸ್ಕೋ. ಅದೇ ಹೊತ್ತಿಗೆ ಅಮೆರಿಕ, ಸೋವಿಯತ್ ನಡುವೆ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಶುರುವಾಗಿತ್ತು. ಚೀನಾದ ಬೆಂಬಲ ಬೇಕಿದ್ದ ಸೋವಿಯತ್ ನಾಯಕರು ಅಕ್ಟೋಬರ್ 25ರಂದು ತಮ್ಮ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಚೀನಾದ ಪರ ವಾಲಿದ ಲೇಖನ ಹಾಕಿಸಿದರು. ಎರಡನೆಯದು, ಹೇಳೋಕೆ ನೋವಾಗುತ್ತದೆ, ನಮ್ಮ ಅಲಿಪ್ತ ಗೆಳೆಯರು. ಘಾನಾದ ಅಧ್ಯಕ್ಷ ಎನ್‌ಕ್ರುಮಾ ಬ್ರಿಟನ್ನಿನ ಪ್ರಧಾನಿಗೆ ಪತ್ರ ಬರೆದು, ಭಾರತಕ್ಕೆ ಶಸ್ತ್ರ ಕೊಡುವುದರ ಬಗ್ಗೆಯೇ ಬೇಸರ ತೋರಿಸಿದರು. ಡಿಸೆಂಬರ್‌ನಲ್ಲಿ ಶ್ರೀಲಂಕಾದ ಕೊಲಂಬೊದಲ್ಲಿ ಆರು ದೇಶಗಳು ಸಭೆ ಸೇರಿ ಸಂಧಾನದ ಪ್ರಸ್ತಾಪ ಮಾಡಿದವು, ಚೀನಾ ಮಾಡಿದ್ದು ಆಕ್ರಮಣ ಅಂತ ಮಾತ್ರ ಹೇಳಲಿಲ್ಲ. ಆದ್ದರಿಂದ ‘ಅಲಿಪ್ತ ದೇಶಗಳ ಒಗ್ಗಟ್ಟು’ ಅನ್ನೋ ಮಾತನ್ನು ಪರೀಕ್ಷೆಯಲ್ಲಿ ಬರೆಯುವಾಗ ಹುಷಾರಾಗಿರಿ. ಅಂಥ ಒಗ್ಗಟ್ಟು ಭಾಷಣಗಳಲ್ಲಿ ಜಾಸ್ತಿ, ಗಡಿಯಲ್ಲಿ ಕಡಿಮೆ.

ಆದರೆ ಆ ಸೋಲಿಗೆ ಕಾರಣ ಗುಂಪಿಗೆ ಸೇರದೆ ಇದ್ದದ್ದಾ? ನಾನು ಒಪ್ಪುವುದಿಲ್ಲ. ಹಿಮದಲ್ಲಿ ನಿಂತ ಸೈನಿಕರಿಗೆ ಸರಿಯಾದ ಬೆಚ್ಚನೆ ಬಟ್ಟೆ ಇರಲಿಲ್ಲ, ರಸ್ತೆ ಇರಲಿಲ್ಲ, ಕೈಯಲ್ಲಿದ್ದದ್ದು ಹಳೇ .303 ಬಂದೂಕು. ಮುಂದೆ ಮುಂದೆ ಹೋಗಿ ಠಾಣೆ ಹಾಕಿದರೆ ಚೀನಾ ಯುದ್ಧಕ್ಕೆ ಬರುವುದಿಲ್ಲ ಅಂತ ದೆಹಲಿ ನಂಬಿತ್ತು. ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ತಾಳಮೇಳ ಆಗದೆ ರಾಜೀನಾಮೆ ಕೊಟ್ಟು, ನೆಹರು ಹೇಳಿದ ಮೇಲೆ ವಾಪಸ್ ತೆಗೆದುಕೊಂಡಿದ್ದರು. ಸಚಿವರಿಗೂ ಸೇನಾ ಮುಖ್ಯಸ್ಥರಿಗೂ ಮುಖ ಕೊಟ್ಟು ಮಾತಾಡೋಕೆ ಆಗದಂಥ ಪರಿಸ್ಥಿತಿ. ಇದೆಲ್ಲ ನಮ್ಮ ಮನೆಯೊಳಗಿನ ಕೆಲಸ. ನಾವೇ ಮಾಡಬೇಕಿತ್ತು, ಮಾಡಲಿಲ್ಲ. ಅಮೆರಿಕದ ಗುಂಪಿಗೆ ಸೇರಿದ್ದರೂ ತವಾಂಗ್‌ಗೆ ರಸ್ತೆ ಹಾಕಬೇಕಾದವರು ನಾವೇ ಅಲ್ವಾ.

ಈಗ ಗುಂಪಿಗೆ ಸೇರಿದವರ ಕಥೆ ನೋಡಿ. ಪಕ್ಕದಲ್ಲೇ ಇದೆ. ಪಾಕಿಸ್ತಾನ 1954ರಲ್ಲಿ ಅಮೆರಿಕದ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಸೀಟೊ, ಮರುವರ್ಷ ಬಾಗ್ದಾದ್ ಒಪ್ಪಂದ, ಎರಡೂ ಅಮೆರಿಕ ಬೆಂಬಲದ ಸೇನಾ ಕೂಟಗಳು. ಹಣ ಬಂತು, ಟ್ಯಾಂಕ್ ಬಂತು, ಸೇಬರ್ ವಿಮಾನ ಬಂತು. 1960ರ ಮೇ 1ರಂದು ಪೆಶಾವರದಿಂದ ಹಾರಿದ ಯು-2 ಗೂಢಚಾರ ವಿಮಾನವನ್ನು ಸೋವಿಯತ್ ಹೊಡೆದುರುಳಿಸಿತು. ವಿಮಾನ ಅಮೆರಿಕದ್ದು, ಪೈಲಟ್ ಅಮೆರಿಕದವನು, ಸೋವಿಯತ್ ನಾಯಕ ಕ್ರುಶ್ಚೇವ್ ಬೆದರಿಕೆ ಹಾಕಿದ್ದು ಮಾತ್ರ ಪೆಶಾವರಕ್ಕೂ. ಐದು ವರ್ಷ ಆದ ಮೇಲೆ, 1965ರ ಯುದ್ಧದಲ್ಲಿ, ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರ ನಿಲ್ಲಿಸಿತು. ನಮಗಿಂತ ಅವರಿಗೇ ಏಟು ಜೋರಾಗಿ ಬಿತ್ತು, ಯಾಕಂದರೆ ಅವರ ಹತ್ತಿರ ಇದ್ದ ಮುಖ್ಯ ಶಸ್ತ್ರಗಳೆಲ್ಲ ಒಂದೇ ಕಡೆಯಿಂದ ಬಂದವು, ಬಿಡಿಭಾಗಕ್ಕೂ ಅಲ್ಲಿಗೇ ಹೋಗಬೇಕಿತ್ತು. 1971ರಲ್ಲಿ ಎಂಟರ್‌ಪ್ರೈಸ್ ಅನ್ನೋ ಅಮೆರಿಕದ ಯುದ್ಧಹಡಗು ಬಂಗಾಳ ಕೊಲ್ಲಿಗೆ ಬಂತು, ಢಾಕಾ ಪಾಕಿಸ್ತಾನದ ಕೈಯಲ್ಲಿ ಉಳಿಯಲಿಲ್ಲ. ದೊಡ್ಡ ದೇಶ ತನ್ನ ಲೆಕ್ಕಕ್ಕೆ ಬರುತ್ತದೆ, ತನ್ನ ಲೆಕ್ಕಕ್ಕೆ ನಿಲ್ಲುತ್ತದೆ. ಒಪ್ಪಂದ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಇನ್ನು ಅಡ್ಡಗೋಡೆ ಮೇಲಿನ ದೀಪದ ಮಾತು. ಅಲಿಪ್ತ ಅಂದರೆ ಬಾಯಿ ಮುಚ್ಚಿಕೊಂಡು ಕೂರೋದು ಅಂತ ತಿಳಿದುಕೊಂಡರೆ ಕೊರಿಯಾ ಯುದ್ಧದಲ್ಲಿ ಭಾರತ ಮಾಡಿದ್ದು ಅರ್ಥವೇ ಆಗುವುದಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಪಠ್ಯಪುಸ್ತಕಗಳಲ್ಲಿ ಇದು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

1950ರ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ಗಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆಗ ಭಾರತ ಇತ್ತು. ಇದು ತಪ್ಪು, ಹಿಂದಕ್ಕೆ ಹೋಗಿ ಅನ್ನುವ ನಿರ್ಣಯಕ್ಕೆ ಭಾರತ ಮತ ಹಾಕಿತು. ಅಂದರೆ ಕಮ್ಯುನಿಸ್ಟ್ ಕಡೆಯದು ತಪ್ಪು ಅಂತ ನೇರವಾಗಿಯೇ ಹೇಳಿತು. ಆದರೆ ಕಾದಾಡುವ ಸೈನ್ಯ ಕಳಿಸಲಿಲ್ಲ, ವೈದ್ಯಕೀಯ ತುಕಡಿ ಕಳಿಸಿತು. ಅಕ್ಟೋಬರ್ ಮೊದಲಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲೈ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಮಧ್ಯರಾತ್ರಿ ಕರೆಸಿಕೊಂಡು, ಅಮೆರಿಕದ ಸೇನೆ ಎರಡೂ ಕೊರಿಯಾಗಳ ಗಡಿಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಅಂದರು. ವಾಷಿಂಗ್ಟನ್‌ಗೂ ಬೀಜಿಂಗ್‌ಗೂ ಆಗ ಮಾತುಕತೆಯೇ ಇರಲಿಲ್ಲ. ಆ ಎಚ್ಚರಿಕೆಯನ್ನು ಭಾರತ ತಲುಪಿಸಿತು. ಅಮೆರಿಕ ನಂಬಲಿಲ್ಲ. ಅದೇ ತಿಂಗಳು ಚೀನಾ ಯುದ್ಧಕ್ಕಿಳಿಯಿತು, ಆಮೇಲೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಜನ ಸತ್ತರು.

ಯುದ್ಧ ನಿಲ್ಲದೆ ಎಳೆದದ್ದು ಮುಖ್ಯವಾಗಿ ಕೈದಿಗಳ ವಿಷಯಕ್ಕೆ. ಸೆರೆ ಸಿಕ್ಕ ಚೀನಾ ಮತ್ತು ಉತ್ತರ ಕೊರಿಯಾದ ಸೈನಿಕರಲ್ಲಿ ಬಹಳಷ್ಟು ಜನ ಊರಿಗೆ ವಾಪಸ್ ಹೋಗಲ್ಲ ಅಂದರು. ಎಲ್ಲರನ್ನೂ ಕಳಿಸಲೇಬೇಕು ಅಂತ ಒಂದು ಕಡೆ, ಇಷ್ಟವಿಲ್ಲದವರನ್ನು ತಳ್ಳೋದಿಲ್ಲ ಅಂತ ಇನ್ನೊಂದು ಕಡೆ. ಕೊನೆಗೆ ಐದು ದೇಶಗಳ ಆಯೋಗ ಆಯಿತು: ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ. ಎರಡೆರಡು ಮತ ಎರಡೂ ಕಡೆ ಹೋಗುವಂಥ ಜೋಡಣೆ. ಐದನೆಯ ಮತ ಅಧ್ಯಕ್ಷರದು. ಆ ಕುರ್ಚಿಯಲ್ಲಿ ಕೂತವರು ಮಡಿಕೇರಿಯಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಅದೇ ತಿಮ್ಮಯ್ಯ. ನಮ್ಮ ರಿಚ್ಮಂಡ್ ರಸ್ತೆಗೆ ಇಟ್ಟಿರುವುದು ಅವರದೇ ಹೆಸರು.

ಕೆಲಸ ಹೇಗಿತ್ತು ನೋಡಿ. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಾಗಾಗಿ ಹಡಗಿನಿಂದ ಹೆಲಿಕಾಪ್ಟರಿಗೆ ಹತ್ತಿಸಿ, ಗಡಿ ನಡುವಿನ ಸೇನೆಯಿಲ್ಲದ ಪಟ್ಟಿಯಲ್ಲಿ ನಮ್ಮವರನ್ನು ಇಳಿಸಬೇಕಾಯಿತು. ಅಲ್ಲಿ 22 ಸಾವಿರಕ್ಕೂ ಹೆಚ್ಚು ಕೈದಿಗಳು. ಶಿಬಿರದೊಳಗೇ ಅವರವರ ಮುಖಂಡರು, ಅವರವರ ಬೆದರಿಕೆ, ನಮ್ಮ ಅಧಿಕಾರಿಗಳನ್ನೇ ಹಿಡಿದಿಟ್ಟುಕೊಂಡ ಪ್ರಸಂಗವೂ ನಡೆಯಿತು. ಒಬ್ಬೊಬ್ಬ ಕೈದಿಯನ್ನೂ ಕೂರಿಸಿ, ಅವನ ಸರ್ಕಾರದ ಪ್ರತಿನಿಧಿ ಹೇಳುವುದನ್ನು ಕೇಳಿಸಿ, ನಿನಗೆ ಎಲ್ಲಿಗೆ ಹೋಗಬೇಕು ಅಂತ ಕೇಳಬೇಕು. ಗಡುವು ಮುಗಿಯುವುದರೊಳಗೆ ಎಲ್ಲರನ್ನೂ ಕೇಳೋಕೆ ಆಗಲೇ ಇಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯ ಉಳಿದ ಕೈದಿಗಳನ್ನು ಅವರನ್ನು ಸೆರೆ ಹಿಡಿದಿದ್ದ ಕಡೆಗೇ ಒಪ್ಪಿಸಿದರು, ಚೀನಾದ 14 ಸಾವಿರಕ್ಕೂ ಹೆಚ್ಚು ಜನ ತೈವಾನ್‌ಗೆ ಹೋದರು. ಚೀನಾ ಸಿಟ್ಟಾಯಿತು. ದಕ್ಷಿಣ ಕೊರಿಯಾ ಮೊದಲೇ ಸಿಟ್ಟಾಗಿತ್ತು. ಇಬ್ಬರ ಬೈಗುಳವನ್ನೂ ತಿಂದು, ಮಾಡಬೇಕಾದ್ದನ್ನು ಮಾಡಿ ಬಂದರು. ಈ ಕೆಲಸವನ್ನು ಯಾವುದಾದರೂ ಗುಂಪಿಗೆ ಸೇರಿದ ದೇಶದ ಜನರಲ್ ಕೈಗೆ ಎರಡೂ ಕಡೆಯವರು ಒಪ್ಪಿಸುತ್ತಿದ್ದರಾ? ನನ್ನ ಮಟ್ಟಿಗೆ ಅಲಿಪ್ತ ನೀತಿ ಅತ್ಯಂತ ಚೆನ್ನಾಗಿ ನಡೆದದ್ದು ಆ ಚಳಿಗಾಲದಲ್ಲಿ.

ಹಾಗಂತ ಎಲ್ಲವೂ ಹೀಗೇ ಇತ್ತು ಅಂತ ನಾನು ಹೇಳಲಾರೆ. 1956ರ ಕೊನೆಯಲ್ಲಿ ಒಂದೇ ಸಮಯಕ್ಕೆ ಎರಡು ಆಕ್ರಮಣ ಆದವು. ಸುಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಈಜಿಪ್ಟ್ ಮೇಲೆ ಬಿದ್ದವು. ಹಂಗರಿಯ ದಂಗೆ ಅಡಗಿಸೋಕೆ ಸೋವಿಯತ್ ಟ್ಯಾಂಕ್ ಬುಡಾಪೆಸ್ಟ್‌ಗೆ ನುಗ್ಗಿದವು. ಸುಯೆಜ್ ವಿಷಯದಲ್ಲಿ ಭಾರತ ತಕ್ಷಣ ಗಟ್ಟಿಯಾಗಿ ಖಂಡಿಸಿತು. ಹಂಗರಿ ವಿಷಯದಲ್ಲಿ ತಡವರಿಸಿತು. ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಹಂಗರಿಯಲ್ಲಿ ಚುನಾವಣೆ ಆಗಲಿ ಅನ್ನುವ ನಿರ್ಣಯದ ವಿರುದ್ಧ ಸೋವಿಯತ್ ಬಣದ ಜೊತೆ ಸೇರಿ ಮತ ಹಾಕಿತು. ಕಾಶ್ಮೀರದಲ್ಲೂ ಇದೇ ಮಾತು ಎತ್ತುತ್ತಾರೆ ಅನ್ನೋ ಭಯ ಇತ್ತು, ನಿಜ. ಆದರೂ ಅದು ತಪ್ಪೇ. ಕೊರಿಯಾದಲ್ಲಿ ಗಳಿಸಿದ್ದ ಗೌರವದಲ್ಲಿ ಒಂದು ಪಾಲು ಅಲ್ಲಿ ಕಳೆದುಹೋಯಿತು. 1980ರ ಜನವರಿಯಲ್ಲಿ ಅಫ್ಘಾನಿಸ್ತಾನದ ಮೇಲಿನ ಸೋವಿಯತ್ ದಾಳಿಯ ಬಗ್ಗೆ ಸಾಮಾನ್ಯ ಸಭೆಯಲ್ಲಿ ಮತ ಬಂದಾಗ ನಾವು ಗೈರಾದದ್ದೂ ಅದೇ ಸಾಲಿಗೆ ಸೇರುತ್ತದೆ. ನೀವು ಹೇಳಿದ ಅಡ್ಡಗೋಡೆಯ ಮಾತು ಈ ಎರಡು ಪ್ರಸಂಗಗಳಿಗೆ ಸರಿಯಾಗಿ ಒಪ್ಪುತ್ತದೆ.

1971ರ ಆಗಸ್ಟ್ 9ರ ಸೋವಿಯತ್ ಒಪ್ಪಂದ? ತುಂಬಾ ಜನ ಅಲ್ಲಿಗೆ ಅಲಿಪ್ತ ನೀತಿ ಮುಗಿಯಿತು ಅನ್ನುತ್ತಾರೆ. ದಾಳಿಯಾದರೆ ಇಬ್ಬರೂ ತಕ್ಷಣ ಕೂತು ಮಾತಾಡಬೇಕು ಅಂತ ಅದರ 9ನೇ ಕಲಂ ಹೇಳುತ್ತದೆ. ಜುಲೈನಲ್ಲಿ ಅಮೆರಿಕದ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಚೀನಾಕ್ಕೆ ಹೋಗಿಬಂದಿದ್ದರು, ಮೂರೂ ದೇಶಗಳು ಒಂದಾಗುವ ಲಕ್ಷಣ ಕಂಡಿತ್ತು. ಆ ಗಳಿಗೆಯಲ್ಲಿ ಇಂದಿರಾ ಗಾಂಧಿ ಸರ್ಕಾರದ ಪರವಾಗಿ ವಿದೇಶಾಂಗ ಸಚಿವ ಸ್ವರಣ್ ಸಿಂಗ್ ಸಹಿ ಹಾಕಿದರು. ಆದರೆ ಸೋವಿಯತ್‌ಗೆ ನಮ್ಮ ನೆಲದಲ್ಲಿ ಸೇನಾನೆಲೆ ಕೊಡಲಿಲ್ಲ, ಸೋವಿಯತ್ ನಾಯಕ ಬ್ರೆಜ್ನೆವ್ ಹೇಳುತ್ತಿದ್ದ ಏಷ್ಯಾ ಭದ್ರತಾ ಕೂಟಕ್ಕೂ ಸೇರಲಿಲ್ಲ. ವಾಲಿದ್ದು ಹೌದು. ಸೇರಿದ್ದು ಅಲ್ಲ.

ಅಲಿಪ್ತ ದೇಶಗಳ ಸಂಘಟನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮ್ಮ ನೋಟ್ಸ್‌ನಲ್ಲಿ ಹೇಗೂ ಇರುತ್ತದೆ: 1955ರ ಬಾಂಡುಂಗ್ ಸಮ್ಮೇಳನ, 1961ರ ಮೊದಲ ಶೃಂಗಸಭೆ ಬೆಲ್‌ಗ್ರೇಡ್, ಆಗ 25 ದೇಶ. ಈಗ 121. ಆದರೆ ನೀತಿ ಬೇರೆ, ಸಂಘಟನೆ ಬೇರೆ ಅನ್ನೋದು ನೆನಪಿರಲಿ. ಬಣಗಳ ಜಗಳದಿಂದ ದೂರ ಇರುತ್ತೇವೆ ಅಂತ ನೆಹರು ರೇಡಿಯೊದಲ್ಲಿ ಹೇಳಿದ್ದು 1946ರ ಸೆಪ್ಟೆಂಬರ್ 7ಕ್ಕೆ, ಸ್ವಾತಂತ್ರ್ಯಕ್ಕೂ ಮೊದಲು. 1982ರ ಶೃಂಗಸಭೆ ಬಾಗ್ದಾದ್‌ನಲ್ಲಿ ಆಗಬೇಕಿತ್ತು. ಸದಸ್ಯರಾದ ಇರಾನ್, ಇರಾಕ್ ಪರಸ್ಪರ ಯುದ್ಧ ಮಾಡುತ್ತಿದ್ದರಿಂದ ಮರುವರ್ಷ ದೆಹಲಿಗೆ ಬಂತು. ಸಂಘಟನೆಯ ಶಕ್ತಿ ಎಷ್ಟು ಅಂತ ತಿಳಿಯೋಕೆ ಇಷ್ಟು ಸಾಕು.

ಈಗ ನೀವಿರುವ ಊರಿಗೆ ಬನ್ನಿ. ಅಲಿಪ್ತ ನೀತಿಯಿಂದ ಏನು ಸಿಕ್ಕಿತು, ಎಲ್ಲಿ ಕೊರತೆ ಬಿತ್ತು, ಎರಡೂ ಬೆಂಗಳೂರಿನಲ್ಲೇ ಕಣ್ಣಿಗೆ ಕಾಣುತ್ತವೆ. ಎಚ್‌ಎಂಟಿ ಶುರುವಾದದ್ದು ಸ್ವಿಸ್ ಕಂಪನಿಯ ಸಹಕಾರದಲ್ಲಿ, ಬಿಇಎಲ್ ಫ್ರೆಂಚರ ಜೊತೆ, ಎಚ್‌ಎಂಟಿ ವಾಚು ಜಪಾನಿನ ಸಿಟಿಜನ್ ಜೊತೆ. 1975ನೇ ಇಸವಿ ನೋಡಿ. ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲೆ ಹೋಯಿತು. ಅದೇ ವರ್ಷ ಆಗಸ್ಟ್ 1ರಿಂದ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ತಂತಿ ಜಾಲರಿಯ ದೊಡ್ಡ ಆಂಟೆನಾ ನೆಟ್ಟು, ಸಂಜೆ ಊರವರೆಲ್ಲ ಒಂದು ಕಡೆ ಕೂತು ಕನ್ನಡ ಕಾರ್ಯಕ್ರಮ ನೋಡಿದರು. ಶೀತಲ ಸಮರದ ನಡುವೆ ಒಂದೇ ವರ್ಷದಲ್ಲಿ ಎರಡೂ ಕಡೆಯಿಂದ ಇಂಥ ಕೆಲಸ ಮಾಡಿಸಿಕೊಂಡ ದೇಶಗಳು ಎಷ್ಟಿದ್ದವು?

ಕೊರತೆ ಕಾಣಬೇಕಾದರೆ ಒಂದು ಭಾನುವಾರ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. ಅಲ್ಲಿ ಎಚ್‌ಎಫ್-24 ಮರುತ್ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರ್‌ಗಳ ಜೊತೆ ಸೇರಿ ವಿನ್ಯಾಸ ಮಾಡಿದ ಯುದ್ಧವಿಮಾನ. 1961ರ ಜೂನ್ 17ರಂದು ಇಲ್ಲಿಂದಲೇ ಮೊದಲು ಹಾರಿತು. ಮೂತಿ ಚೂಪು, ಮೈ ಸಣ್ಣ, ನೋಡಿದರೇ ಗೊತ್ತಾಗುತ್ತದೆ ವೇಗಕ್ಕಾಗಿ ಮಾಡಿದ್ದು ಅಂತ. ಹಿಂದೆ ಹೋಗಿ ಬಾಲದ ಕಡೆ ನೋಡಿ, ಎರಡು ಎಂಜಿನ್‌ಗಳ ಬಾಯಿ ಇವೆ. ತೊಂದರೆ ಇದ್ದದ್ದು ಅಲ್ಲೇ. ಶಬ್ದದ ಎರಡು ಪಟ್ಟು ವೇಗಕ್ಕೆ ಯೋಚಿಸಿದ ವಿಮಾನಕ್ಕೆ ಬೇಕಿದ್ದ ಬ್ರಿಟಿಷ್ ಎಂಜಿನ್ ಅಭಿವೃದ್ಧಿಗೆ ಹಣ ಹಾಕೋಕೆ ದೆಹಲಿ ಒಪ್ಪಲಿಲ್ಲ. ಸೋವಿಯತ್ ಎಂಜಿನ್ ಹೊಂದಲಿಲ್ಲ. ಆಗ ಇನ್ನೊಂದು ಅಲಿಪ್ತ ದೇಶ ಈಜಿಪ್ಟ್ ತನ್ನದೇ ಎಂಜಿನ್ ಮಾಡುತ್ತಿತ್ತು. ಅವರ ಎಚ್‌ಎ-300 ವಿಮಾನವನ್ನು 1964ರ ಮಾರ್ಚ್‌ನಲ್ಲಿ ಮೊದಲ ಸಲ ಹಾರಿಸಿದ್ದು ನಮ್ಮ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ. ಅವರ ಎಂಜಿನ್ ಪರೀಕ್ಷೆಗೆ ನಮ್ಮ ಮರುತ್ ಒಂದು ಈಜಿಪ್ಟ್‌ಗೆ ಹೋಯಿತು. ಇಬ್ಬರೂ ಸೇರಿ ದಡ ಮುಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. 1967ರ ಯುದ್ಧದಲ್ಲಿ ಈಜಿಪ್ಟ್ ಸೋತಿತು, 1969ರಲ್ಲಿ ಯೋಜನೆ ನಿಂತಿತು. ಮರುತ್‌ಗೆ ಉಳಿದದ್ದು ಪುಟ್ಟ ನ್ಯಾಟ್ ವಿಮಾನಕ್ಕೆ ಹಾಕುತ್ತಿದ್ದ ಆರ್ಫಿಯಸ್ ಎಂಜಿನ್. ಅದರಲ್ಲೇ 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಒಳ್ಳೆ ಕೆಲಸ ಮಾಡಿತು, ಆದರೆ ಅಂದುಕೊಂಡ ವೇಗ ಬರಲೇ ಇಲ್ಲ. 147 ವಿಮಾನಕ್ಕೆ ತಯಾರಿಕೆ ಮುಗಿಯಿತು, ವಾಯುಪಡೆ ಸೋವಿಯತ್‌ನ ಮಿಗ್ ಕಡೆ ಹೋಯಿತು. ಆಮೇಲೆ ದಶಕಗಟ್ಟಲೆ ಬಿಡಿಭಾಗಕ್ಕೆ ಮಾಸ್ಕೋ ಕಡೆ ನೋಡುವುದು ತಪ್ಪಲಿಲ್ಲ. 1980ರಲ್ಲಿ ಅಫ್ಘಾನಿಸ್ತಾನದ ಬಗ್ಗೆ ನಮ್ಮ ದನಿ ಯಾಕೆ ತಗ್ಗಿತು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೇ ಊರಿನದು. ರಷ್ಯಾದಿಂದ ಕ್ರಯೋಜೆನಿಕ್ (ಅತಿ ತಣ್ಣಗಿನ ದ್ರವ ಇಂಧನದ) ರಾಕೆಟ್ ಎಂಜಿನ್ ತಂತ್ರಜ್ಞಾನ ತರಿಸುವ ಒಪ್ಪಂದಕ್ಕೆ ಅಮೆರಿಕ 1992ರಲ್ಲಿ ಇಸ್ರೊ ಮೇಲೆ ನಿರ್ಬಂಧ ಹಾಕಿತು. ಮರುವರ್ಷ ರಷ್ಯಾ ಹಿಂದೆ ಸರಿಯಿತು, ಏಳು ಎಂಜಿನ್ ಕೊಡುತ್ತೇವೆ, ತಂತ್ರಜ್ಞಾನ ಕೊಡಲ್ಲ ಅಂದಿತು. ಇಸ್ರೊ ಬಿಡಲಿಲ್ಲ. 2010ರಲ್ಲಿ ಮೊದಲ ಪ್ರಯತ್ನ ಸೋತಿತು. 2014ರ ಜನವರಿ 5ರಂದು ನಮ್ಮದೇ ಕ್ರಯೋಜೆನಿಕ್ ಎಂಜಿನ್‌ನ ಜಿಎಸ್‌ಎಲ್‌ವಿ ಯಶಸ್ವಿಯಾಯಿತು. ಇವತ್ತು ಆ ವಿಷಯಕ್ಕೆ ಯಾರೂ ನಮ್ಮನ್ನು ಹೆದರಿಸೋಕೆ ಆಗುವುದಿಲ್ಲ.

ಇನ್ನು ಸುಂಕದ ವಿಷಯಕ್ಕೆ ಬರುತ್ತೇನೆ. 2022ಕ್ಕೆ ಮೊದಲು ನಾವು ತರಿಸುತ್ತಿದ್ದ ಕಚ್ಚಾತೈಲದಲ್ಲಿ ರಷ್ಯಾದ ಪಾಲು ಶೇ 2ರ ಆಸುಪಾಸು. ಉಕ್ರೇನ್ ಯುದ್ಧ ಶುರುವಾದ ಮೇಲೆ ರಿಯಾಯಿತಿಯಲ್ಲಿ ಸಿಕ್ಕಿತು, ಮೂರನೇ ಒಂದು ಭಾಗ ದಾಟಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಅದೇ ಕಾರಣ ಕೊಟ್ಟು ಇನ್ನೂ ಶೇ 25 ಸೇರಿಸಿ ಸುಂಕವನ್ನು ಶೇ 50ಕ್ಕೆ ಏರಿಸಿತು. ಬಟ್ಟೆ, ಸೀಗಡಿ, ಒಡವೆ ರಫ್ತು ಮಾಡುವವರಿಗೆ ಪೆಟ್ಟು ಬಿತ್ತು, ನಮ್ಮ ಗಾರ್ಮೆಂಟ್ ಕಾರ್ಖಾನೆಗಳಿಗೂ. ಹಾಗಾದರೆ ಅಮೆರಿಕದ ಒಪ್ಪಂದದ ಮಿತ್ರರಾಗಿದ್ದರೆ ತಪ್ಪುತ್ತಿತ್ತಾ? ಜಪಾನ್, ದಕ್ಷಿಣ ಕೊರಿಯಾ ಎರಡೂ ಅಮೆರಿಕದ ಸೇನೆಗೆ ನೆಲ ಕೊಟ್ಟಿರುವ ದೇಶಗಳು. ಅದೇ ವರ್ಷ ಅವುಗಳ ಮೇಲೂ ಸುಂಕ ಬಿತ್ತು. ನಮ್ಮಷ್ಟು ಅಲ್ಲ, ಆದರೆ ಬಿತ್ತು.

ಒಂದು ಕಡೆ ಗಟ್ಟಿಯಾಗಿ ನಿಲ್ಲಿ ಅನ್ನುವವರ ಕಾಳಜಿ ನನಗೆ ಅರ್ಥವಾಗುತ್ತದೆ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ 20 ಸೈನಿಕರನ್ನು ಕಳೆದುಕೊಂಡಿದ್ದೇವೆ, ಚೀನಾ ನಮಗಿಂತ ಬಹಳ ಮುಂದಿದೆ, ರಷ್ಯಾ ಈಗ ಚೀನಾಕ್ಕೆ ಹತ್ತಿರ. ಅದಕ್ಕೇ ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆಗಿನ ಕ್ವಾಡ್‌ನಲ್ಲಿ ಇದ್ದೇವೆ, ಇರಬೇಕು ಕೂಡ. ಗುಪ್ತಚರ ಮಾಹಿತಿ ತಗೊಳ್ಳೋಣ, ಜೊತೆಯಲ್ಲಿ ಸಮರಾಭ್ಯಾಸ ಮಾಡೋಣ, ಬೇಕಾದ ಉಪಕರಣ ಕೊಳ್ಳೋಣ. ಆದರೆ ತೈವಾನ್‌ಗಾಗಿ ಯುದ್ಧ ಆದರೆ ನೀವೂ ಬರಬೇಕು ಅನ್ನುವ ಕಾಗದಕ್ಕೆ ಸಹಿ ಹಾಕೋದು ಬೇರೆ. ಚೀನಾದ ಜೊತೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಗಡಿ ಇರುವುದು ನಮಗೆ, ಅಮೆರಿಕಕ್ಕಲ್ಲ. ಅಲ್ಲಿ ಯಾವಾಗ ಜಗಳ, ಯಾವಾಗ ಮಾತು ಅನ್ನೋ ತೀರ್ಮಾನ ದೆಹಲಿಯಲ್ಲೇ ಆಗಬೇಕು. ಉಕ್ರೇನ್ ವಿಷಯದಲ್ಲಿ ಮಾತ್ರ ನಾವು ಇನ್ನಷ್ಟು ಬಿಡಿಸಿ ಮಾತಾಡಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ. ಮತಕ್ಕೆ ಗೈರಾಗಿದ್ದರೂ, ಇನ್ನೊಬ್ಬರ ನೆಲಕ್ಕೆ ನುಗ್ಗಿದ್ದು ತಪ್ಪು ಅಂತ ರಷ್ಯಾದ ಹೆಸರು ಹಿಡಿದೇ ಹೇಳಬಹುದಿತ್ತು. 1950ರಲ್ಲಿ ಹೇಳಿದ್ದೆವಲ್ಲ.

ಹಾಗೆ ಹೇಳುವ ಧೈರ್ಯ ಬರಬೇಕಾದರೆ ಎಂಜಿನ್ ನಮ್ಮದಾಗಬೇಕು. ತೇಜಸ್ ಯುದ್ಧವಿಮಾನ ಬೆಂಗಳೂರಿನದು, ಅದರ ಎಂಜಿನ್ ಅಮೆರಿಕದ ಜಿಇ ಕಂಪನಿಯದು. 2021ರಲ್ಲಿ 99 ಎಂಜಿನ್‌ಗೆ ಆರ್ಡರ್ ಕೊಟ್ಟೆವು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ, ಅಲ್ಲಿವರೆಗೆ ವಾಯುಪಡೆ ಕಾಯಬೇಕಾಯಿತು. ಶೇ 50 ಸುಂಕ ಇದ್ದಾಗಲೇ, ಅದೇ ನವೆಂಬರ್‌ನಲ್ಲಿ, ಎಚ್‌ಎಎಲ್ ಇನ್ನೂ 113 ಎಂಜಿನ್‌ಗೆ ಸಹಿ ಹಾಕಿತು. ಬೇರೆ ದಾರಿ ಇರಲಿಲ್ಲ. ಇಲ್ಲೇ ಸಿ.ವಿ. ರಾಮನ್ ನಗರದಲ್ಲಿರುವ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ದಶಕಗಳಿಂದ ಕಾವೇರಿ ಎಂಜಿನ್ ಮೇಲೆ ಕೆಲಸ ಮಾಡುತ್ತಿದೆ, ಇನ್ನೂ ಯುದ್ಧವಿಮಾನಕ್ಕೆ ಏರಿಲ್ಲ. ಇನ್ನೂ ದೊಡ್ಡದಾದ ಜಿಇ-414 ಎಂಜಿನ್ನನ್ನು ಭಾರತದಲ್ಲೇ ತಯಾರಿಸುವ ಮಾತು 2023ರಿಂದ ನಡೆಯುತ್ತಿದೆ. ವಿದೇಶಾಂಗ ನೀತಿ ಓದುವಾಗ ಶೃಂಗಸಭೆಗಳ ಪಟ್ಟಿಯ ಜೊತೆ ಆ ಸುದ್ದಿಯನ್ನೂ ಇಟ್ಟುಕೊಳ್ಳಿ. ಸಾವಿರ ಡಿಗ್ರಿಗೂ ಮೀರಿದ ಬಿಸಿ ತಡೆಯುವ ಟರ್ಬೈನ್ ಬ್ಲೇಡ್ ಮಾಡುವ ವಿದ್ಯೆ ಅದರ ಜೊತೆ ಬರುತ್ತದೋ, ಅಥವಾ ನಾವು ಬರೀ ಜೋಡಿಸುತ್ತೇವೋ, ಅದನ್ನು ಮೊದಲು ನೋಡಿ.